ಪ್ರಥಮ ಪ್ರಯೋಗದ ಹೆಸರುಗಳು

ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿರುವ ರಾಯಲ್ ಆಪೆರಾ ಹೌಸ್ ಎಂಬ ರಂಗಮಂದಿರವೇ ರಾಯಲ್ ಬ್ಯಾಲೆ ತಂಡದ ಮನೆ. ಅಲ್ಲಿ ಒಂದು ದೊಡ್ಡ ಬ್ಯಾಲೆ ರಂಗವೇರುವುದಕ್ಕೆ ಎಷ್ಟೋ ಮುಂಚೆಯೇ ಒಂದು ಪಟ್ಟಿ ಹೊರಬೀಳುತ್ತದೆ. ಯಾವ ತಾರೀಖಿನಂದು ನಾಯಕಿ ಯಾರು, ನಾಯಕ ಯಾರು ಎಂಬುದಲ್ಲದೆ ಅದರಲ್ಲಿ ಬೇರೇನೂ ಇರುವುದಿಲ್ಲ. ಟಿಕೇಟು ಕೊಳ್ಳುವವನಿಗೆ ಅದು ಬರಿಯ ಸೂಚನೆ. ಆದರೆ ತಂಡದ ಪ್ರಧಾನ ನರ್ತಕ ನರ್ತಕಿಯರ ಬಾಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಬಂದ ರಸಿಕನಿಗೆ ಅದು ಬೇರೆಯೇ ಬಗೆಯ ಓದು. ಯಾರಿಗೆ ಪ್ರಥಮ ಪ್ರಯೋಗ ದೊರೆಯಿತು, ಯಾರಿಗೆ ಮೂರನೆಯ ದಿನ, ಯಾರ ಹೆಸರು ಈ ಸಲ ಬಿಟ್ಟುಹೋಗಿದೆ, ಯಾವ ಹೊಸ ಹುಡುಗಿಗೆ ಮೊಟ್ಟಮೊದಲ ಬಾರಿಗೆ ನಾಯಕಿಯ ಪಾತ್ರ ಬಂದಿದೆ, ಇವೆಲ್ಲವೂ ಅವನ ಕಣ್ಣಿಗೆ ಬೀಳುತ್ತವೆ. ನಮ್ಮ ಕರಾವಳಿಯ ಯಕ್ಷಗಾನ ಪ್ರೇಕ್ಷಕನಿಗೆ ಈ ಕುತೂಹಲವನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಪ್ರಸಂಗ ಯಾವುದು ಎಂದು ಕೇಳುವ ಉಸಿರಿನಲ್ಲೇ ಅವನು ವೇಷ ಯಾರದು ಎಂದೂ ಕೇಳುತ್ತಾನೆ.

ಒಂದೇ ಪಾತ್ರಕ್ಕೆ ಇಷ್ಟು ಮಂದಿ ಏಕೆ ಎಂಬ ಪ್ರಶ್ನೆ ಸಹಜ. ಬ್ಯಾಲೆಯ ನಾಯಕಿಯ ಪಾತ್ರ ದೇಹದಿಂದ ಕೇಳುವ ಶ್ರಮ ಅಷ್ಟಿಷ್ಟಲ್ಲ. ‘ಸ್ವಾನ್ ಲೇಕ್’ ಬ್ಯಾಲೆಯಲ್ಲಿ ಹಂಸವಾಗಿ ಶಪಿತಳಾದ ಓಡೆಟ್ ಮತ್ತು ಅವಳ ರೂಪದಲ್ಲಿ ಬಂದು ರಾಜಕುಮಾರನನ್ನು ಮೋಸಗೊಳಿಸುವ ಓಡಿಲ್ ಇಬ್ಬರನ್ನೂ ಒಬ್ಬಳೇ ನರ್ತಿಸುವುದು ವಾಡಿಕೆ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇಟಲಿಯ ಪಿಯೆರಿನಾ ಲೆನ್ಯಾನಿ ಓಡಿಲ್ ಆಗಿ ಒಂಟಿಕಾಲಿನ ಬೆರಳ ತುದಿಯಲ್ಲಿ ನಿಂತು 32 ಬಾರಿ ಗಿರ್ರನೆ ಸುತ್ತಿದರು. ಅಂದಿನಿಂದ ಆ 32 ಸುತ್ತುಗಳು ಪ್ರತಿಯೊಬ್ಬ ನಾಯಕಿಯ ಕೊರಳಿಗೆ ಬಿದ್ದ ಹೊಣೆಯಾದವು. ಇಂಥ ಪಾತ್ರವನ್ನು ಒಬ್ಬಳೇ ಸಂಜೆ ಸಂಜೆಯೂ ನಿರ್ವಹಿಸುವುದು ಆಗದ ಮಾತು. ಆದ್ದರಿಂದ ಒಂದು ಬ್ಯಾಲೆಗೆ ಹಲವು ಜೋಡಿಗಳು ಸಿದ್ಧವಾಗುತ್ತವೆ. ಒಬ್ಬೊಬ್ಬರ ಪಾಲಿಗೆ ಬರುವುದು ಬೆರಳೆಣಿಕೆಯ ಪ್ರಯೋಗಗಳು. ಅವುಗಳಲ್ಲಿ ಮೊದಲನೆಯದಕ್ಕೆ ವಿಮರ್ಶಕರು ಬರುತ್ತಾರೆ, ಗಣ್ಯರು ಬರುತ್ತಾರೆ, ಮರುದಿನ ಪತ್ರಿಕೆಗಳು ಬರೆಯುತ್ತವೆ. ಹೀಗೆ ತಾರೀಖುಗಳ ಪಟ್ಟಿಯೊಳಗೇ ಒಂದು ಪಂಕ್ತಿಭೇದ ತಾನಾಗಿ ಹುಟ್ಟಿಕೊಳ್ಳುತ್ತದೆ.

ಈ ಪಟ್ಟಿಯನ್ನು ತಲುಪಲು ಹತ್ತಬೇಕಾದ ಮೆಟ್ಟಿಲುಗಳೂ ಇವೆ. ರಾಯಲ್ ಬ್ಯಾಲೆಯಲ್ಲಿ ಆರ್ಟಿಸ್ಟ್, ಫಸ್ಟ್ ಆರ್ಟಿಸ್ಟ್, ಸೋಲೋಯಿಸ್ಟ್, ಫಸ್ಟ್ ಸೋಲೋಯಿಸ್ಟ್, ಪ್ರಿನ್ಸಿಪಲ್ ಎಂದು ಐದು ದರ್ಜೆಗಳು. ಸಮೂಹದ ಹಂಸಗಳಲ್ಲಿ ಒಬ್ಬಳಾಗಿ ಸಾಲಿನಲ್ಲಿ ನಿಲ್ಲುವ ಹುಡುಗಿ ಮೊದಲ ಮೆಟ್ಟಿಲಿನವಳು. ಹೆಚ್ಚಿನವರ ಬಾಳು ನಡುವಿನ ಮೆಟ್ಟಿಲುಗಳಲ್ಲೇ ಸವೆಯುತ್ತದೆ. ಅಪರೂಪಕ್ಕೆ ಒಬ್ಬರು ಹಾರಿ ಮೇಲೇರುವುದೂ ಉಂಟು. 1989ರ ಡಿಸೆಂಬರಿನಲ್ಲಿ ಕೆನೆತ್ ಮ್ಯಾಕ್‌ಮಿಲನ್ ಸಂಯೋಜಿಸಿದ ‘ದಿ ಪ್ರಿನ್ಸ್ ಆಫ್ ದಿ ಪಗೋಡಾಸ್’ ಬ್ಯಾಲೆಯ ಪ್ರಥಮ ಪ್ರಯೋಗದಲ್ಲಿ ನಾಯಕಿಯಾದ ಡಾರ್ಸಿ ಬಸೆಲ್ ಅವರಿಗೆ ಆಗ 20 ವರ್ಷ. ಆ ಪ್ರಯೋಗ ಮುಗಿಯುತ್ತಲೇ ಅವರು ಪ್ರಿನ್ಸಿಪಲ್ ಆದರು. ಅರ್ಜೆಂಟೀನದ ಬ್ವೇನಸ್ ಐರಿಸ್‌ನಲ್ಲಿ ಹುಟ್ಟಿದ ಮರಿಯಾನೆಲಾ ನೂನ್ಯೆಸ್ 1998ರಲ್ಲಿ ತಂಡ ಸೇರಿ, 2002ರಲ್ಲಿ ಆ ದರ್ಜೆಗೇರಿದರು. 20 ವರ್ಷ ಕಳೆದ ಮೇಲೂ ಅವರ ಹೆಸರು ಪಟ್ಟಿಗಳಲ್ಲಿ ಬರುತ್ತಲೇ ಇತ್ತು. ಪ್ಯಾರಿಸ್ ಆಪೆರಾದ ಬ್ಯಾಲೆ ತಂಡದ ಕ್ರಮ ಇನ್ನೂ ಕಟ್ಟುನಿಟ್ಟಿನದು. ಅಲ್ಲಿಯ ಅತ್ಯುನ್ನತ ದರ್ಜೆಯ ಹೆಸರು ‘ಎತ್ವಾಲ್’, ಎಂದರೆ ನಕ್ಷತ್ರ. ಪ್ರಯೋಗ ಮುಗಿದ ಮೇಲೆ ಪ್ರೇಕ್ಷಕರ ಎದುರಿಗೆ ರಂಗದ ಮೇಲೆಯೇ ಆ ಪದವಿಯನ್ನು ಘೋಷಿಸುವ ವಾಡಿಕೆಯಿದೆ. ಆದರೆ ನಕ್ಷತ್ರವಾದರೂ 42ನೆಯ ವಯಸ್ಸಿಗೆ ನಿವೃತ್ತಿ ತಪ್ಪದು.

ಈ 42 ಎಂಬ ಸಂಖ್ಯೆ ನಮ್ಮನ್ನು ಮತ್ತೆ ಲಂಡನ್ನಿಗೆ ಕರೆತರುತ್ತದೆ. ನಿನೆಟ್ ದ ವಾಲ್ವಾ 1931ರಲ್ಲಿ ಕಟ್ಟಿದ ಪುಟ್ಟ ತಂಡವೇ ಮುಂದೆ, 1956ರಲ್ಲಿ, ರಾಯಲ್ ಬ್ಯಾಲೆ ಎನಿಸಿಕೊಂಡಿತು. ಆರಂಭದಲ್ಲಿ ಅದರ ಹಿರಿಯ ನರ್ತಕಿ ಅಲಿಸಿಯಾ ಮಾರ್ಕೋವಾ. 1935ರಲ್ಲಿ ಅವರು ತಂಡ ಬಿಟ್ಟಾಗ ಅವರ ಪಾತ್ರಗಳು ಒಂದೊಂದಾಗಿ ಕಿರಿಯರ ಪಾಲಿಗೆ ಬಂದುವು. ಆ ಕಿರಿಯರಲ್ಲಿ 16 ವರ್ಷದ ಮಾರ್ಗೊ ಫಾಂಟೇನ್ ಒಬ್ಬರು. 1937ರ ಹೊತ್ತಿಗೆ ಅವರು ಜಿಸೆಲ್ ಆದರು. 1946ರ ಫೆಬ್ರವರಿ 20ರಂದು ಯುದ್ಧಾನಂತರ ಕೋವೆಂಟ್ ಗಾರ್ಡನ್ ರಂಗಮಂದಿರ ಮತ್ತೆ ತೆರೆದಾಗ ‘ಸ್ಲೀಪಿಂಗ್ ಬ್ಯೂಟಿ’ಯ ರಾಜಕುಮಾರಿ ಅರೋರಾ ಅವರೇ. 1949ರಲ್ಲಿ ನ್ಯೂಯಾರ್ಕ್ ನಗರ ಮೊದಲು ಕಂಡ ಅರೋರಾ ಕೂಡ ಅವರೇ. ಅದೇ ತಂಡದಲ್ಲಿ ಬೆರಿಲ್ ಗ್ರೇ ಎಂಬ ಮತ್ತೊಬ್ಬ ನರ್ತಕಿಯಿದ್ದರು. 1942ರಲ್ಲಿ, ತಮ್ಮ 15ನೆಯ ಹುಟ್ಟುಹಬ್ಬದ ದಿನ, ಇಡೀ ‘ಸ್ವಾನ್ ಲೇಕ್’ ನರ್ತಿಸಿ ಬೆರಗುಗೊಳಿಸಿದವರು ಅವರು. ಗ್ರೇ 1957ರಲ್ಲಿ ತಂಡವನ್ನು ಬಿಟ್ಟು ಸ್ವತಂತ್ರರಾದರು. ಮಾಸ್ಕೋದ ಬೋಲ್ಶೊಯ್ ರಂಗಮಂದಿರದಲ್ಲಿ ಅತಿಥಿಯಾಗಿ ನರ್ತಿಸಿದ ಮೊದಲ ಆಂಗ್ಲ ನರ್ತಕಿ ಎನಿಸಿದರು. ಒಂದು ಮರ ಹಬ್ಬಿ ಬೆಳೆದಾಗ ನೆರಳು ಎಷ್ಟು ದೂರ ಹರಡುತ್ತದೆ ಎಂಬುದನ್ನು ಅದರ ಕೆಳಗಿನ ಸಸಿಗಳೇ ಬಲ್ಲವು.

1961ರಲ್ಲಿ ಫಾಂಟೇನ್ ಅವರಿಗೆ 42 ತುಂಬಿತು. ನಿವೃತ್ತಿಯ ಮಾತು ಕೇಳಿಬರುತ್ತಿದ್ದ ಕಾಲ. ಅದೇ ವರ್ಷ ಜೂನ್ 16ರಂದು ರುಡಾಲ್ಫ್ ನುರೇಯೆವ್ ಎಂಬ 23 ವರ್ಷದ ಸೋವಿಯತ್ ನರ್ತಕ ಪ್ಯಾರಿಸ್ಸಿನ ವಿಮಾನ ನಿಲ್ದಾಣದಲ್ಲಿ ತನ್ನ ತಂಡದಿಂದ ತಪ್ಪಿಸಿಕೊಂಡು ಪಶ್ಚಿಮದಲ್ಲಿ ಆಶ್ರಯ ಪಡೆದ. 1962ರ ಫೆಬ್ರವರಿ 21ರಂದು ಕೋವೆಂಟ್ ಗಾರ್ಡನ್ನಿನಲ್ಲಿ ಅವರಿಬ್ಬರೂ ‘ಜಿಸೆಲ್’ನಲ್ಲಿ ಜೊತೆಯಾಗಿ ಕಾಣಿಸಿಕೊಂಡರು. ಹತ್ತೊಂಬತ್ತು ವರ್ಷದ ಅಂತರವಿದ್ದ ಆ ಜೋಡಿ ಜನರನ್ನು ಹುಚ್ಚೆಬ್ಬಿಸಿತು. ಮುಗಿಯಿತೆಂದುಕೊಂಡ ಬಾಳಿಗೆ ಎರಡನೆಯ ವಸಂತ ಬಂದಂತಾಯಿತು. ಕಲೆಯ ಚರಿತ್ರೆಯಲ್ಲಿ ಇದೊಂದು ಸುಂದರ ಅಧ್ಯಾಯ, ಸಂದೇಹವಿಲ್ಲ. ಆದರೆ ಫಾಂಟೇನ್ ಅವರ ನಂತರ ತಮ್ಮ ಸರದಿ ಎಂದು ಕಾದಿದ್ದ ಪ್ರತಿಭಾವಂತರಿಗೆ ಅದೇ ಅಧ್ಯಾಯ ಹೇಗೆ ಕಂಡಿರಬೇಕು? ಪಟ್ಟಿಯನ್ನು ಹಿಂಬಾಲಿಸುವವನು ಈ ಪ್ರಶ್ನೆಯನ್ನು ಬಿಡುವಂತಿಲ್ಲ.

ಇದು ತೀವ್ರವಾಗಿ ಎದುರು ನಿಂತದ್ದು 1965ರಲ್ಲಿ. ಮ್ಯಾಕ್‌ಮಿಲನ್ ಆಗ 35 ವರ್ಷದ ಸಂಯೋಜಕ. ಪ್ರೊಕೋಫಿಯೆವ್ ಅವರ ಸಂಗೀತಕ್ಕೆ ‘ರೋಮಿಯೋ ಅಂಡ್ ಜೂಲಿಯಟ್’ ಸಂಯೋಜಿಸುವ ಅವಕಾಶ ಅವರಿಗೆ ಬಂತು. ಅದು ಅವರ ಮೊದಲ ಮೂರಂಕದ ಬ್ಯಾಲೆ. ಅವರ ಕಣ್ಣಮುಂದಿದ್ದ ಜೂಲಿಯಟ್ ಲಿನ್ ಸೀಮೋರ್, ಕೆನಡಾದಿಂದ ಬಂದ ನರ್ತಕಿ. ರೋಮಿಯೋ ಕ್ರಿಸ್ಟೊಫರ್ ಗೇಬಲ್. 1960ರ ‘ದಿ ಇನ್ವಿಟೇಷನ್’ನಿಂದಲೇ ಈ ಮೂವರು ಒಟ್ಟಿಗೆ ದುಡಿದಿದ್ದರು. ಉಪ್ಪರಿಗೆಯ ದೃಶ್ಯದ ಯುಗಳನೃತ್ಯವನ್ನು ಮ್ಯಾಕ್‌ಮಿಲನ್ ಮೊದಲು ಕೆನಡಾದ ಟೆಲಿವಿಷನ್ನಿಗಾಗಿ ಇವರಿಬ್ಬರ ಮೇಲೆಯೇ ಕಟ್ಟಿದ್ದರು. ‘ಮೇಲೆ ಕಟ್ಟುವುದು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಲೆಯ ಸಂಯೋಜಕ ಕವಿಯಂತೆ ಕಾಗದದ ಮೇಲೆ ಬರೆಯುವವನಲ್ಲ. ಅವನ ಕಾಗದ ನರ್ತಕಿಯ ದೇಹ. ಆಕೆಯ ಬೆನ್ನು ಎಷ್ಟು ಬಾಗುತ್ತದೆ, ಆಕೆ ಯಾವ ಕ್ಷಣದಲ್ಲಿ ತಡೆಯುತ್ತಾಳೆ, ಬೀಳುವಾಗ ಹೇಗೆ ಬೀಳುತ್ತಾಳೆ ಎಂಬುದನ್ನು ನೋಡುತ್ತ ನೋಡುತ್ತ ಹೆಜ್ಜೆಗಳು ಹುಟ್ಟುತ್ತವೆ.

ಬ್ಯಾಲೆ ಸಿದ್ಧವಾಗುತ್ತಿತ್ತು. ಅಮೆರಿಕದ ಪ್ರವಾಸ ಎದುರಿಗಿತ್ತು. ಆ ಪ್ರವಾಸವನ್ನು ಏರ್ಪಡಿಸುವ ಸಾಲ್ ಹ್ಯೂರಾಕ್ ಅವರಿಗೂ ರಂಗಮಂದಿರದ ಆಡಳಿತಕ್ಕೂ ಬೇಕಾಗಿದ್ದುದು ಜಗತ್ತು ಬಲ್ಲ ಹೆಸರುಗಳು. 1965ರ ಫೆಬ್ರವರಿ 9ರ ಪ್ರಥಮ ಪ್ರಯೋಗ ಫಾಂಟೇನ್ ಮತ್ತು ನುರೇಯೆವ್ ಅವರಿಗೆ ಹೋಯಿತು. ಯಾರ ದೇಹದ ಮೇಲೆ ಆ ಪಾತ್ರಗಳು ರೂಪುಗೊಂಡವೋ ಅವರೇ ಅವನ್ನು ಇನ್ನೊಬ್ಬರಿಗೆ ಒಪ್ಪಿಸಿ, ತಮ್ಮ ಸರದಿ ಬರುವ ತನಕ ಕಾಯಬೇಕಾಯಿತು. ಆ ಸಂಜೆ ತೆರೆ 43 ಸಲ ಏರಿತೆಂದೂ ಕರತಾಡನ 40 ನಿಮಿಷ ನಡೆಯಿತೆಂದೂ ಚರಿತ್ರೆ ದಾಖಲಿಸಿದೆ. ಮುಂದಿನ ವರ್ಷವೇ ಅದೇ ಜೋಡಿಯ ನರ್ತನ ಚಲನಚಿತ್ರವಾಗಿ ಲೋಕವೆಲ್ಲ ಸಂಚರಿಸಿತು. ಸೀಮೋರ್ ಮತ್ತು ಗೇಬಲ್ ತಮ್ಮ ಸರದಿ ಬಂದಾಗ ನರ್ತಿಸಿ ಪ್ರಶಂಸೆ ಪಡೆದರು. ಆದರೆ ಪ್ರಥಮ ಪ್ರಯೋಗ ಎಂಬುದು ಒಮ್ಮೆ ಮಾತ್ರ ಬರುವಂಥದು.

ಇದರ ಫಲವೇನಾಯಿತು ಎಂಬುದನ್ನು ಮುಂದಿನ ವರ್ಷಗಳು ಹೇಳುತ್ತವೆ. 1966ರಲ್ಲಿ ಮ್ಯಾಕ್‌ಮಿಲನ್ ಬರ್ಲಿನ್ನಿನ ಡಾಯ್ಚ ಓಪರ್ ರಂಗಮಂದಿರದ ಬ್ಯಾಲೆ ತಂಡದ ನಿರ್ದೇಶಕರಾಗಿ ಹೊರಟುಹೋದರು. ಸೀಮೋರ್ ಅವರೂ ಅಲ್ಲಿಗೆ ಹೋದರು. ಗೇಬಲ್ 1967ರಲ್ಲಿ ತಂಡ ತೊರೆದು ನಟನೆಯ ದಾರಿ ಹಿಡಿದರು. ಆಗ ಅವರಿಗೆ ಇನ್ನೂ 30 ಆಗಿರಲಿಲ್ಲ. ಎಲ್ಲಕ್ಕೂ ಒಂದೇ ಕಾರಣ ಹುಡುಕುವುದು ಸರಿಯಲ್ಲ. ಮನುಷ್ಯರ ನಿರ್ಧಾರಗಳ ಹಿಂದೆ ಹಲವು ಎಳೆಗಳಿರುತ್ತವೆ. ಆದರೂ ಎರಡೇ ವರ್ಷಗಳಲ್ಲಿ ಆ ಮೂವರೂ ಲಂಡನ್ನಿನ ಪಟ್ಟಿಯಿಂದ ಮರೆಯಾದರು ಎಂಬುದು ಸತ್ಯ. ಮ್ಯಾಕ್‌ಮಿಲನ್ 1970ರಲ್ಲಿ ರಾಯಲ್ ಬ್ಯಾಲೆಯ ನಿರ್ದೇಶಕರಾಗಿ ಮರಳಿದರು. 1971ರ ಮೂರಂಕದ ‘ಅನಸ್ತೇಸಿಯಾ’ದಲ್ಲಿ, 1978ರ ‘ಮೇಯರ್ಲಿಂಗ್’ನ ಮೇರಿ ವೆಟ್ಸೆರಾ ಪಾತ್ರದಲ್ಲಿ, ಪ್ರಥಮ ಪ್ರಯೋಗದ ಹೆಸರು ಲಿನ್ ಸೀಮೋರ್ ಅವರದೇ ಆಗಿತ್ತು. ಹೋದ ಜೂಲಿಯಟ್ ಮಾತ್ರ ಮರಳಲಿಲ್ಲ.

ಹಾಗಾದರೆ ಅಂದು ಅನ್ಯಾಯವಾಯಿತೆ? ಫಾಂಟೇನ್ ಅವರ ದೃಷ್ಟಿಯಿಂದ ನೋಡಿದರೆ, ಕೊಟ್ಟ ಪಾತ್ರವನ್ನು ಅವರು ತಮ್ಮ ಶಕ್ತಿಯನ್ನೆಲ್ಲ ಧಾರೆಯೆರೆದು ನಿರ್ವಹಿಸಿದರು. ಅವರ ಮೇಲೆ ದೋಷ ಹೊರಿಸಲಾಗದು. ಖಜಾನೆಯ ದೃಷ್ಟಿಯಿಂದ ನೋಡಿದರೆ, ನೂರಾರು ಜನರ ಜೀವನ ನಡೆಯಬೇಕಾದ ಸಂಸ್ಥೆ ಟಿಕೇಟು ಮಾರುವ ಹೆಸರನ್ನು ಮುಂದಿಟ್ಟಿತು. ಆದರೆ ಕಲೆಯ ದೃಷ್ಟಿಯಿಂದ ನೋಡುವವನಿಗೆ ಬೇರೊಂದು ಸಂಗತಿ ಕಾಣುತ್ತದೆ. ಮೂರನೆಯ ಅಂಕದಲ್ಲಿ ಒಂದು ಪ್ರಸಿದ್ಧ ಕ್ಷಣವಿದೆ. ತಂದೆತಾಯಿ ಗೊತ್ತುಮಾಡಿದ ವರನನ್ನು ಒಪ್ಪಲಾರದೆ ದಿಕ್ಕುಗಾಣದೆ ಜೂಲಿಯಟ್ ಹಾಸಿಗೆಯ ಅಂಚಿನಲ್ಲಿ ಅಲ್ಲಾಡದೆ ಕುಳಿತುಬಿಡುತ್ತಾಳೆ. ವಾದ್ಯಗಳೆಲ್ಲ ಉಕ್ಕಿ ಮೊರೆಯುತ್ತಿರುವಾಗ ಅವಳದು ಒಂದು ಹೆಜ್ಜೆಯೂ ಇಲ್ಲ. ನರ್ತನದ ನಡುವೆ ನರ್ತನವನ್ನೇ ನಿಲ್ಲಿಸುವ ಈ ಧೈರ್ಯವನ್ನು ಮ್ಯಾಕ್‌ಮಿಲನ್ ತೋರಿದ್ದು ಸೀಮೋರ್ ಅವರಂಥ ನರ್ತಕಿ ಎದುರಿಗಿದ್ದಾಗ. ಇಂದಿಗೂ ಆ ಬ್ಯಾಲೆಯ ಜೂಲಿಯಟ್ ಯಾರೇ ಆಗಲಿ, ಆ ಅಂಚಿನಲ್ಲಿ ಹಾಗೆಯೇ ಕುಳಿತುಕೊಳ್ಳುತ್ತಾಳೆ. ಪ್ರಥಮ ಪ್ರಯೋಗದ ಪಟ್ಟಿಯಲ್ಲಿ ಇಲ್ಲದ ಹೆಸರು ಹೆಜ್ಜೆಗಳೊಳಗೆ ಅಡಗಿ ಕುಳಿತಿದೆ.

ಹೆಜ್ಜೆಗಳನ್ನು ಬರೆದಿಡುವ ಲಿಪಿ ಇಲ್ಲವೆಂದಲ್ಲ. ರುಡಾಲ್ಫ್ ಬೆನೆಶ್ ಮತ್ತು ಜೋನ್ ಬೆನೆಶ್ ದಂಪತಿಗಳು 1950ರ ದಶಕದಲ್ಲಿ ಸಂಗೀತದ ಐದು ಗೆರೆಗಳಂತೆಯೇ ಐದು ಗೆರೆಗಳ ಮೇಲೆ ದೇಹದ ಚಲನೆಯನ್ನು ಗುರುತಿಸುವ ಕ್ರಮವೊಂದನ್ನು ರೂಪಿಸಿದರು. ರಾಯಲ್ ಬ್ಯಾಲೆ ಅದನ್ನು ಬಳಸುತ್ತ ಬಂದಿದೆ. ಕೈ ಎಲ್ಲಿ, ಕಾಲು ಎಲ್ಲಿ ಎಂಬುದನ್ನು ಆ ಲಿಪಿ ಉಳಿಸುತ್ತದೆ. ಅದೇ ಹೆಜ್ಜೆಗೆ ಒಬ್ಬಳು ತುಂಬಿದ ಉಸಿರನ್ನು ಉಳಿಸುವುದು ನೋಡಿದವರ ನೆನಪು ಮಾತ್ರ.

ಇಲ್ಲಿ ನನಗೆ ಪಂಪನ ‘ಆದಿಪುರಾಣ’ದ ನೀಲಾಂಜನೆ ನೆನಪಾಗುತ್ತಾಳೆ. ಆದಿದೇವನ ಸಭೆಯಲ್ಲಿ ನರ್ತಿಸುತ್ತಿರುವಾಗಲೇ ಆ ಅಪ್ಸರೆಯ ಆಯುಷ್ಯ ತೀರಿ ಅವಳು ಕಣ್ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣವೇ ಅವಳನ್ನೇ ಹೋಲುವ ಇನ್ನೊಬ್ಬಳನ್ನು ಅವಳ ಸ್ಥಾನದಲ್ಲಿ ನಿಲ್ಲಿಸುತ್ತಾನೆ. ನೃತ್ಯ ತಡೆಯದೆ ಸಾಗುತ್ತದೆ. ಸಭೆಗೆ ಏನೂ ತಿಳಿಯುವುದಿಲ್ಲ. ತಿಳಿದದ್ದು ಆದಿದೇವನೊಬ್ಬನಿಗೆ. ಆ ಅರಿವು ಅವನನ್ನು ವೈರಾಗ್ಯಕ್ಕೆ ಒಯ್ದದ್ದು ಬೇರೆ ಮಾತು. ನಾನು ಹೇಳಬಯಸುವುದು ಇಷ್ಟೆ: ಪ್ರತಿಯೊಂದು ನೃತ್ಯಮೇಳದಲ್ಲೂ ಒಬ್ಬ ಇಂದ್ರನಿರುತ್ತಾನೆ. ಒಬ್ಬಳು ಬಿದ್ದರೆ ಇನ್ನೊಬ್ಬಳನ್ನು ನಿಲ್ಲಿಸುವುದು, ನೃತ್ಯ ನಿಲ್ಲದಂತೆ ನೋಡಿಕೊಳ್ಳುವುದು ಅವನ ಧರ್ಮ. ಹೋದವಳು ಯಾರು, ಬಂದವಳು ಯಾರು ಎಂದು ಗುರುತಿಸುವುದು ನೋಡುವವನ ಧರ್ಮ.

ಆದ್ದರಿಂದ ನರ್ತಕರನ್ನು ಹಿಂಬಾಲಿಸುವುದೆಂದರೆ ತಾರೆಯರ ಹಿಂದೆ ಅಲೆಯುವುದಲ್ಲ. ನಿಜವಾದ ರಸಿಕ ಒಂದೇ ಬ್ಯಾಲೆಯನ್ನು ಮೂರು ಜೋಡಿಗಳಲ್ಲಿ ನೋಡುತ್ತಾನೆ. ಒಂದೇ ಹೆಜ್ಜೆ ಮೂರು ಅರ್ಥ ಕೊಡುವುದನ್ನು ಗಮನಿಸುತ್ತಾನೆ. ಸಾಲಿನ ತುದಿಯ ಹಂಸದ ಹೆಸರನ್ನು ಕೇಳಿ ತಿಳಿದುಕೊಳ್ಳುತ್ತಾನೆ. ರಾಜಕುಮಾರನೆಂದರೆ ಇಂಥದೇ ಮೈಬಣ್ಣ ಎಂಬ ಹಳೆಯ ಕಟ್ಟುಪಾಡು ಪಟ್ಟಿಯಲ್ಲಿ ಎಂದು ಸಡಿಲಿತು ಎಂಬುದನ್ನೂ ಅವನು ಬಲ್ಲ. ಕ್ಯೂಬಾದ ಬಡ ಮನೆಯಲ್ಲಿ ಹುಟ್ಟಿದ ಕಾರ್ಲೋಸ್ ಅಕೋಸ್ಟಾ 1998ರಲ್ಲಿ ರಾಯಲ್ ಬ್ಯಾಲೆ ಸೇರಿ ಅದರ ಮೊದಲ ಕಪ್ಪುವರ್ಣೀಯ ಪ್ರಿನ್ಸಿಪಲ್ ಆಗಿ ರಾಜಕುಮಾರರ ಪಾತ್ರಗಳನ್ನು ನರ್ತಿಸಿದಾಗ, ಬದಲಾದದ್ದು ಒಂದು ಹೆಸರು ಮಾತ್ರವಲ್ಲ.

ಈಗ ಕೋವೆಂಟ್ ಗಾರ್ಡನ್ನಿನ ಪ್ರಯೋಗಗಳು ಚಿತ್ರಮಂದಿರಗಳಿಗೂ ಪ್ರಸಾರವಾಗುತ್ತವೆ. ಹಲವು ಜೋಡಿಗಳಲ್ಲಿ ಕ್ಯಾಮೆರಾದ ಮುಂದೆ ನಿಲ್ಲುವುದು ಸಾಮಾನ್ಯವಾಗಿ ಒಂದೇ ಜೋಡಿ. ದೂರದ ಊರಿನವರಿಗೂ ನಾಳಿನವರಿಗೂ ಉಳಿಯುವುದು ಆ ಒಂದೇ. 1966ರ ಚಿತ್ರ ಕೇಳಿದ ಪ್ರಶ್ನೆಯನ್ನೇ ಇಂದಿನ ಪ್ರಸಾರವೂ ಕೇಳುತ್ತಿದೆ. ಲಿನ್ ಸೀಮೋರ್ 2023ರ ಮಾರ್ಚಿನಲ್ಲಿ, 84 ತುಂಬಲು ಒಂದು ದಿನವಿರುವಾಗ, ತೀರಿಕೊಂಡರು. ಅವರ ಜೂಲಿಯಟ್ಟನ್ನು ರಂಗದ ಮೇಲೆ ಕಂಡವರು ಈಗ ಮುಪ್ಪಿನಲ್ಲಿದ್ದಾರೆ. ಯಾವ ತಾರೀಖಿನಂದು ಕಂಡೆವು, ಆ ದಿನ ಆಕೆ ಹೇಗೆ ಕುಳಿತಿದ್ದರು ಎಂಬುದನ್ನು ಅವರು ಯಾರಿಗಾದರೂ ಹೇಳಿಯೇ ಹೋಗಬೇಕು. ಪಟ್ಟಿ ಬಿಟ್ಟುದನ್ನು ತುಂಬಿಕೊಡಬಲ್ಲ ಸಾಕ್ಷಿ ಅದೊಂದೇ.