ಬಾಯ್ಲರ್ ತಳ ತೂತಾಯ್ತೇ? ಜೇಬು ತೂತಾಗದಂತೆ ನೋಡಿಕೊಳ್ಳಿ!

ತುಮಕೂರು: ಸೌದೆ ಕಾಲ ಹೋಯ್ತು, ಗೀಸರ್ ಕಾಲ ಬಂತು ಅಂತ ಎಲ್ಲರೂ ಹೇಳ್ತಾರೆ. ಆದರೆ ನಮ್ಮ ಗುಬ್ಬಿ, ತಿಪಟೂರು ಕಡೆಯ ಹಳೇ ಮನೆಗಳ ಬಚ್ಚಲಲ್ಲಿ ತಾಮ್ರದ ಬಾಯ್ಲರ್ ಇನ್ನೂ ಹೊಗೆಯಾಡುತ್ತಲೇ ಇದೆ. ಅದರ ತಳ ತೂತು ಬಿದ್ದ ದಿನವೇ ಮನೆ ಯಜಮಾನನ ಜೇಬಿಗೂ ಸಂಚಕಾರ!

ಮೊನ್ನೆ ಮಂಡಿಪೇಟೆಯಲ್ಲಿ ಸಿಕ್ಕ ಹಿರಿಯರೊಬ್ಬರ ಪಾಡು ಕೇಳಿ. ಮದುವೆಯಲ್ಲಿ ಮಾವನವರು ಕೊಟ್ಟ ಬಾಯ್ಲರ್ ಅದು. ಆಟೋದಲ್ಲಿ ಹೇರಿಕೊಂಡೇ ಬಂದಿದ್ದರು. ಗೀಸರ್ ಅಂಗಡಿಯವರು (ಹೆಸರು ಬೇಡ ಬಿಡಿ) ಹೇಳಿದ್ದಿಷ್ಟು: “ಹಳೇದು ಕೊಟ್ಬಿಡಿ ಯಜಮಾನ್ರೇ, 25 ಲೀಟರ್ ಗೀಸರ್ ಮೇಲೆ 1,500 ರೂಪಾಯಿ ಬಿಡ್ತೀವಿ.” ಯಜಮಾನರು ಇನ್ನೇನು ತಲೆಯಾಡಿಸಬೇಕು, ಪಕ್ಕದ ಗುಜರಿಯವನು ಸುಮ್ಮನೆ ತಕ್ಕಡಿಗೆ ಏರಿಸಿ ನೋಡಿದ. 9 ಕಿಲೋ ಚಿಲ್ಲರೆ! ಅಂದ್ರೆ ಅಂಗಡಿಯವರ ಲೆಕ್ಕದಲ್ಲಿ ಕಿಲೋಗೆ 170 ರೂಪಾಯಿ ಕೂಡ ಬೀಳಲಿಲ್ಲ. ಗುಜರಿ ತಾಮ್ರಕ್ಕೆ ಅದರ ಎಷ್ಟೋ ಪಟ್ಟು ಬೆಲೆ ಇದೆ ಸ್ವಾಮಿ. ಇದು ರಿಯಾಯಿತಿಯೋ, ಹಗಲು ದರೋಡೆಯೋ?

ಮಾರುವ ಮೊದಲು ತೂತು ಎಲ್ಲಿದೆ ನೋಡಿ. ನೀರಿಲ್ಲದೆ ಉರಿ ಹಾಕಿದ್ದರೆ ಮೊದಲು ಬಿಡೋದು ಬೆಸುಗೆ. ಬೆಸುಗೆ ಹತ್ರ ಜಿನುಗುತ್ತಿದ್ದರೆ ಪಾತ್ರೆ ರಿಪೇರಿಯವನು ಸರಿಮಾಡಿಕೊಡ್ತಾನೆ, ಇನ್ನೂ ಕೆಲವು ವರ್ಷ ಬಾಳುತ್ತೆ. ತಳವೇ ಕಾಗದದಂತೆ ಸವೆದು ನಾಲ್ಕಾರು ಕಡೆ ತೂತಾಗಿದ್ದರೆ ಮಾತ್ರ ರಿಪೇರಿ ಹಣ ದಂಡ. ಹಿತ್ತಲಲ್ಲಿ ತೆಂಗಿನ ಗರಿ, ಮಟ್ಟೆ ಪುಕ್ಕಟೆ ಸಿಗೋರು ಹೊಸ ಬಾಯ್ಲರನ್ನೇ ಹಾಕಿಸಬಹುದು. ಹೊಗೆ ಕೊಳವೆ ಸೂರು ದಾಟಿ ಮೇಲಕ್ಕೆ ಹೋಗಬೇಕು, ಅಷ್ಟೇ. ಹೊಗೆ ಕುಡಿಯೋದು ಯಜಮಾನರಲ್ಲ, ಮನೆ ಹೆಂಗಸರು.

ಪೇಟೆ ಮನೆಯವರಿಗೆ ಕರೆಂಟೇ ಗತಿ. ಆದರೆ ಎಷ್ಟು ದೊಡ್ಡದು? ಅಂಗಡಿಯವರು 25 ಲೀಟರ್ ಅಂತಾರೆ. 25 ಲೀಟರ್ ನೀರನ್ನ 60 ಡಿಗ್ರಿಗೆ ಕಾಯಿಸಲು ಸುಮಾರು ಒಂದು ಯೂನಿಟ್ ಬೇಕು. ತಣ್ಣೀರು ಬೆರೆಸಿದರೆ ಎರಡೂವರೆ ಬಕೆಟ್ ಸ್ನಾನದ ನೀರು. 15 ಲೀಟರಿನದು 2 ಕಿಲೋವಾಟ್ ಆದರೆ ಇಪ್ಪತ್ತು ನಿಮಿಷದೊಳಗೆ ಕಾದು ಒಂದೂವರೆ ಬಕೆಟ್ ಕೊಡುತ್ತೆ. ಒಬ್ಬರಾದ ಮೇಲೆ ಒಬ್ಬರು ಮೀಯುವ ಮನೆಗೆ ಇದು ಧಾರಾಳ ಸಾಕು.

ಬಿಲ್ಲಿನ ಮಾತಿಗೆ ಬರೋಣ. ಒಂದು ದೊಡ್ಡ ಬಕೆಟ್ ಬಿಸಿನೀರಿಗೆ 0.4 ಯೂನಿಟ್. ನಾಲ್ಕು ಜನಕ್ಕೆ ತಿಂಗಳಿಗೆ 48 ಯೂನಿಟ್. ಇಲ್ಲೇ ಇರೋದು ಕಣ್ಣುಮುಚ್ಚಾಲೆ! 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಬಂದು ಬಿಲ್ಲೇ ಇಲ್ಲ ಅಂತ ನೆಮ್ಮದಿಯಾಗಿರೋರು ಬಹಳ. ಆದರೆ ಪುಕ್ಕಟೆ ಅನ್ನೋದು 2022-23ರ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ಕಟ್ಟಿದ ಲೆಕ್ಕ. ಆಗ 60 ಯೂನಿಟ್ ಸುಡುತ್ತಿದ್ದ ಮನೆಗೆ 66ರವರೆಗೆ ಸೊನ್ನೆ ಬಿಲ್ಲು. ಗೀಸರ್ ಬಂದು 108 ಆದರೆ ಮೇಲಿನ 42 ಯೂನಿಟ್‌ಗೆ ದುಡ್ಡು ಎಣಿಸಬೇಕು. ಯೂನಿಟ್‌ಗೆ ಆರೇಳು ರೂಪಾಯಿ ಹಿಡಿದರೂ ತಿಂಗಳಿಗೆ 250ರಿಂದ 300. 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮದೇ!

ಇನ್ನು ಸ್ಟಾರ್ ಮಹಿಮೆ. ಐದು ಸ್ಟಾರ್ ಅಂದರೆ ನೀರು ಕಮ್ಮಿ ಕರೆಂಟಿನಲ್ಲಿ ಕಾಯುತ್ತೆ ಅಂತ ಅಲ್ಲ ರೀ. ಕಾದ ನೀರು ಟ್ಯಾಂಕಿನಲ್ಲಿ ನಿಧಾನ ಆರುತ್ತೆ, ಅಷ್ಟೇ. ಸ್ನಾನಕ್ಕೆ ಇಪ್ಪತ್ತು ನಿಮಿಷ ಮುಂಚೆ ಹಾಕಿ, ಆದ ಕೂಡಲೇ ಆರಿಸುವ ಮನೆಗೆ ಮೂರು ಸ್ಟಾರಿಗೂ ಐದಕ್ಕೂ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಬೀಳೋದಿಲ್ಲ. ಐಎಸ್‌ಐ ಗುರುತು ಮಾತ್ರ ಬಿಡಬೇಡಿ.

ಉಳಿಸಬಾರದ ಜಾಗ ವೈರಿಂಗ್. 3 ಕಿಲೋವಾಟ್ ಗೀಸರ್ 13 ಆಂಪ್ ಎಳೆಯುತ್ತೆ. ಹಳೇ ಮನೆಯ ಲೈಟಿನ ವೈರಿಗೆ ಸಿಕ್ಕಿಸಿದರೆ ಸ್ವಿಚ್ಚು ಕರಗುತ್ತೆ. ಈ ಅಂಕಣಕಾರನ ಮನೆಯಲ್ಲೇ ಆದ ಕಥೆ ಇದು, ಸುಟ್ಟ ವಾಸನೆಗೆ ಎದ್ದು ಓಡಿದ್ದೆ! ಮೀಟರ್ ಬೋರ್ಡಿನಿಂದ ಬೇರೆ ವೈರು, 16 ಆಂಪ್ ಪಾಯಿಂಟ್, ಸರಿಯಾದ ಅರ್ಥಿಂಗ್ ಮೂರೂ ಬೇಕು. ಬೋರ್‌ವೆಲ್ ಗಡಸು ನೀರಿನವರು ವರ್ಷಕ್ಕೊಮ್ಮೆ ಬಿಚ್ಚಿಸಿ ಕಾಯಿಲ್ ಮೇಲಿನ ಸುಣ್ಣ ಕೆರೆಸಲಿ.

ಸ್ವಂತ ತಾರಸಿ ಇದ್ದರೆ ಸೋಲಾರ್ ಒಳ್ಳೆಯದೇ. 100 ಲೀಟರಿನದು ನಾಲ್ಕು ಜನಕ್ಕೆ ಸಾಲುತ್ತೆ. ಆಷಾಢ, ಶ್ರಾವಣದ ಮೋಡಕ್ಕೆ ಮಾತ್ರ ಬೇರೆ ದಾರಿ ಇಟ್ಕೋಬೇಕು. ಗ್ಯಾಸ್ ಗೀಸರ್ ಅಗ್ಗ ಅಂತ ಕಿಟಕಿ ಮುಚ್ಚಿದ ಬಚ್ಚಲೊಳಗೆ ಹಾಕಿಸಿಕೊಳ್ಳಬೇಡಿ. ಅದರ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದೇ ಹೋದದ್ದುಂಟು.

ಮಂಡಿಪೇಟೆಯ ಯಜಮಾನರು ಕೊನೆಗೆ ಏನು ಮಾಡಿದರು? ಎರಡು ಕಡೆ ರೇಟು ಕೇಳಿ, ತಾಮ್ರ ಬೇರೆ, ಕಬ್ಬಿಣದ ಜಾಲರಿ ಬೇರೆ, ಹಿತ್ತಾಳೆ ನಲ್ಲಿ ಬೇರೆ ತೂಗಿಸಿ ಮಾರಿದರು. 15 ಲೀಟರಿನ ಗೀಸರ್ ಕೊಂಡರು. ವೈರಿಂಗ್ ಖರ್ಚು ತಾಮ್ರದ ದುಡ್ಡಿನಲ್ಲೇ ಹುಟ್ಟಿತು. ಮನೆಯಲ್ಲಿ ಮಾತ್ರ ಒಂದು ತಕರಾರು ಉಳಿದಿದೆಯಂತೆ. “ನೀರು ತುಂಬೋ ಹಬ್ಬಕ್ಕೆ ಅರಿಶಿನ ಕುಂಕುಮ ಹಚ್ಚೋದು ಎಲ್ಲಿಗೆ, ಆ ಗೋಡೆ ಮೇಲಿನ ಡಬ್ಬಕ್ಕಾ?” ಅಂತ ಯಜಮಾನಿಯವರು ಕೇಳ್ತಾ ಇದ್ದಾರೆ.