ಕುಸಿದ ಕಟ್ಟಡವೇ ಸಾಕ್ಷಿ

1983ನೆಯ ಇಸವಿ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ನಿರ್ಮಾಣದಲ್ಲಿದ್ದ ಗಂಗಾರಾಮ್ ಕಟ್ಟಡವು ಕುಸಿದು ನೂರಕ್ಕೂ ಹೆಚ್ಚು ಜನ ಮಡಿದರು. ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯಿಂದ ಗಾರೆ ಕೆಲಸಕ್ಕೆಂದು ಆ ನಗರಕ್ಕೆ ಹೋಗುವವರು ಇಂದಿಗೂ ಅನೇಕರು. ಆದುದರಿಂದ ಇಂತಹ ಅನಾಹುತದಲ್ಲಿ ಹೊಣೆ ಯಾರದೆಂಬುದನ್ನು ಪ್ರತಿ ಮನೆಯವರೂ ಅರಿತಿರಬೇಕು.

ಹಣೆಯಬರಹವೆಂದು ಕೈಚೆಲ್ಲುವುದು ನಮ್ಮ ರೂಢಿ. ನ್ಯಾಯಾಲಯವು ಹಾಗೆ ಎಣಿಸುವುದಿಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಬಿದ್ದು ಜನ ಸತ್ತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ತೀರ್ಪಿತ್ತಿತು. ಗೋಪುರಕ್ಕೆ 80 ವರ್ಷವಾಗಿತ್ತು. ಅದರ ಗಾರೆಯ ಬಾಳಿಕೆಯೋ 40–45 ವರ್ಷ ಮಾತ್ರ. ದಾರಿಬದಿಯ ಕಟ್ಟಡ ಬಿದ್ದುದೇ ಅಲಕ್ಷ್ಯಕ್ಕೆ ಸಾಕ್ಷಿ, ದೋಷವು ಕಣ್ಣಿಗೆ ಕಾಣಲಿಲ್ಲವೆಂಬ ನೆಪ ಸಲ್ಲದು ಎಂದು ಹೇಳಿ, ಒಡೆತನದ ನಗರಸಭೆಯನ್ನೇ ಹೊಣೆಯಾಗಿಸಿತು.

1855ರ ಮಾರಣಾಂತಿಕ ಅಪಘಾತಗಳ ಅಧಿನಿಯಮದಂತೆ ಮೃತರ ಪತಿ ಅಥವಾ ಪತ್ನಿ, ಮಕ್ಕಳು, ತಂದೆತಾಯಿಗಳ ಪರವಾಗಿ ದಾವೆ ಹೂಡಬಹುದು. ಆದರೆ ಮರಣದ ದಿನದಿಂದ 2 ವರ್ಷಗಳೊಳಗೆ. ದುಃಖದಲ್ಲಿ ಈ ಗಡುವು ಮರೆಯಬಾರದು. ಕೆಲಸದಲ್ಲಿರುವಾಗಲೇ ಸತ್ತ ಕೂಲಿಕಾರನ ಮನೆಯವರಿಗೆ 1923ರಿಂದ ನಡೆದುಬಂದ ಕಾರ್ಮಿಕ ಪರಿಹಾರದ ನಿಯಮವುಂಟು. ಅಲ್ಲಿ ಧಣಿಯ ಅಲಕ್ಷ್ಯವನ್ನು ರುಜುವಾತುಪಡಿಸಬೇಕಿಲ್ಲ. ಅಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಹಿಂದೆ 2 ವರ್ಷದವರೆಗೆ ಸೆರೆಯಿತ್ತು. 2024ರ ಜುಲೈ 1ರಿಂದ 5 ವರ್ಷದವರೆಗೆ ವಿಧಿಸಬಹುದು.

ಆದರೆ ಹಕ್ಕಿಗೆ ಆಧಾರ ಬೇಕು. ಮೇಸ್ತ್ರಿಯ ಹೆಸರು, ಕಟ್ಟಡದ ಒಡೆಯನ ವಿಳಾಸ, ದಿನಗೂಲಿಯ ಲೆಕ್ಕ, ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಮನೆಯಲ್ಲಿರಿಸಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿರಿ.