ಮನೆಯನ್ನು ಬಿಟ್ಟು ಹೊರಡುವ ಮುನ್ನ

ಮನೆಯನ್ನು ಕಟ್ಟುವುದಕ್ಕೆ ಧೈರ್ಯ ಬೇಕು. ಅದನ್ನು ಬಿಟ್ಟು ಹೊರಡುವುದಕ್ಕೆ ವಿವೇಕ ಬೇಕು. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇದಕ್ಕೆ ಸಾಕ್ಷಿ. ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಫಿಲಿಪ್ ಮೆಡೋಸ್ ಟೇಲರ್, ರಾಜಾ ವೆಂಕಟಪ್ಪ ನಾಯಕರು ಪ್ರಾಪ್ತವಯಸ್ಕರಾದಾಗ, ಅಂದರೆ 1853ರಲ್ಲಿ, ತಾವು ಕಟ್ಟಿಸಿದ ಆ ಮನೆಯನ್ನು ತೊರೆದರು. 1860ರಲ್ಲಿ ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದ ಮೇಲೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ‘ತಾರಾ’ ಕಾದಂಬರಿ 1863ರಲ್ಲಿ ಪ್ರಕಟವಾಯಿತು. ಮನೆ ಹಿಂದುಳಿಯಿತು, ಬದುಕು ಮುಂದುವರಿಯಿತು.

ಮಕ್ಕಳು ಬೆಂಗಳೂರು, ಹೈದರಾಬಾದುಗಳಲ್ಲಿ ನೆಲೆಸಿರುವಾಗ ಯಾದಗಿರಿ, ಶಹಾಪುರಗಳ ಹಿರಿಯರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಮನೆ ಮಾರುವುದು ಸೋಲಲ್ಲ. ಆದರೆ ಮುಂದಿನ ನೆಲೆ ನಿಶ್ಚಯವಾಗುವವರೆಗೆ ಕ್ರಯಪತ್ರಕ್ಕೆ ಸಹಿ ಹಾಕಬಾರದು; ಬಂದ ಹಣ ತಮ್ಮ ಹೆಸರಿನಲ್ಲಿಯೇ ಇರಬೇಕು. ಮಾರದೆ ಮಕ್ಕಳಿಗೆ ದಾನಪತ್ರ ಬರೆಯುವವರು, ತಮ್ಮನ್ನು ಪೋಷಿಸಬೇಕೆಂಬ ಷರತ್ತನ್ನು ಅದರಲ್ಲಿ ಸ್ಪಷ್ಟವಾಗಿ ಬರೆಸಬೇಕು. ಷರತ್ತು ಮುರಿದರೆ, 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನನ್ವಯ ಆ ವರ್ಗಾವಣೆಯನ್ನು ರದ್ದುಪಡಿಸುವಂತೆ ನ್ಯಾಯಮಂಡಳಿಯನ್ನು ಕೋರಬಹುದು.

ಮಾತುಕತೆಗೆ ಹೆಣ್ಣುಮಕ್ಕಳನ್ನೂ ಕರೆಯಿರಿ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲಿಲ್ಲದೆ ತಂದೆತಾಯಿ ತೀರಿಕೊಂಡರೆ ಮಗನಿಗೂ ಮಗಳಿಗೂ ಸಮಪಾಲು. ಬದುಕಿರುವಾಗಲೇ ಆಡಬೇಕಾದ ಮಾತನ್ನು ಮೃತ್ಯುವಿನ ನಂತರ ವಕೀಲರ ಬಾಯಿಂದ ಆಡಿಸುವುದು ಕುಟುಂಬಕ್ಕೆ ಶ್ರೇಯಸ್ಕರವಲ್ಲ.

ಮಕ್ಕಳಿಗೊಂದು ಮಾತು: ಹಿರಿಯರನ್ನು ಅವಸರಪಡಿಸಬೇಡಿ. ನಿಮಗೆ ಅದು ಆಸ್ತಿ; ಅವರಿಗೆ ಕಳೆದ ಆಯುಷ್ಯ. ಗೋಡೆಗಳಿಗೆ ಬೆಲೆ ಕಟ್ಟುವವರು ಬಹಳ ಮಂದಿ. ಆಯುಷ್ಯಕ್ಕೆ ಗೌರವ ಸಲ್ಲಿಸಬೇಕಾದವರು ನೀವೇ.